ಅಳಿಯನ ವಾರ್ಷಿಕ ನವೀಕರಣ

ಮದುವೆಯನ್ನು ಒಂದು ಸಲ ಮಾಡಿ ಮುಗಿಸಿ ಕೈತೊಳೆದುಕೊಳ್ಳುವ ಸಮಾಜಗಳೇ ಲೋಕದ ತುಂಬ ಇವೆ. ನಮ್ಮಲ್ಲಿ ಮೂರು ಗಂಟು ಬಿದ್ದರೆ ಮುಗಿಯಿತು. ಅರುಂಧತಿಯನ್ನು ತೋರಿಸಿದ ಪುರೋಹಿತರು ಮರುವರ್ಷ ಬಂದು 'ಇನ್ನೂ ಕಾಣ್ತಾ ಇದೆಯೇನಪ್ಪಾ?' ಎಂದು ವಿಚಾರಿಸಿದ್ದನ್ನು ಯಾರೂ ಕಂಡಿಲ್ಲ. ಅಕ್ಷತೆ ಹಾಕಿ ಊಟದ ಪಂಕ್ತಿಯತ್ತ ಓಡಿದವರು ಎಲೆ ಮಡಿಸಿ ಹಾಗೇ ಊರಿಗೆ ಹೋಗುತ್ತಾರೆ. ಆಲ್ಬಮ್ಮಿನ ಬಾಕಿ ಉಳಿದಿದ್ದರೆ ಫೋಟೊಗ್ರಾಫರ್ ಒಬ್ಬ ಆಗಾಗ ಫೋನು ಮಾಡಿಯಾನು. ಅವನಿಗೂ ದಾಂಪತ್ಯದ ಕ್ಷೇಮಸಮಾಚಾರ ಬೇಕಿಲ್ಲ.

ಇಂಥ ಉದಾಸೀನದ ನಡುವೆ, ಗಂಡಹೆಂಡಿರ ಸಂಬಂಧವನ್ನು ವರ್ಷಕ್ಕೊಮ್ಮೆ ಬಿಚ್ಚಿ ನೋಡಿ, ಎಣಿಸಿ, ಸೀಲು ಹೊಡೆದು, ಮತ್ತೊಂದು ವರ್ಷದ ಮಟ್ಟಿಗೆ ಚಾಲ್ತಿಗೆ ಬಿಡುವ ಸಂಸ್ಥೆಯೊಂದು ಇದೆಯೆಂದರೆ ಅದಕ್ಕೆ ಕೈಮುಗಿಯದೆ ಇರುವುದು ಹೇಗೆ? ಬೆಂಗಳೂರಿನಿಂದ ವಿಮಾನದಲ್ಲಿ ಸುಮಾರು ನಾಲ್ಕು ಗಂಟೆಯ ದಾರಿಯ ಥಾಯ್ಲೆಂಡಿನಲ್ಲಿ ವಲಸೆ ಇಲಾಖೆಯವರು ಈ ಸೇವೆಯನ್ನು ಸದ್ದಿಲ್ಲದೆ ಸಲ್ಲಿಸುತ್ತಿದ್ದಾರೆ. ನಮ್ಮವರು ಆ ದೇಶಕ್ಕೆ ಹೋಗಿ ಫುಕೆಟ್ಟಿನ ಕಡಲನ್ನೂ ಪಟಾಯದ ದೀಪಗಳನ್ನೂ ನೋಡಿ ಬರುತ್ತಾರೆ. ನೋಡಬೇಕಾದ್ದನ್ನು ಮಾತ್ರ ಬಿಟ್ಟು ಬರುತ್ತಾರೆ.

ಸೇವೆ ಸಲ್ಲುವುದು ಪರಂಗಿ ಅಳಿಯಂದಿರಿಗೆ. ಕೆಲಸದಿಂದ ನಿವೃತ್ತರಾಗಿ, ಥಾಯ್ ಹೆಣ್ಣನ್ನು ಮದುವೆಯಾಗಿ, ಅಲ್ಲೇ ಬಿಡಾರ ಹೂಡಿದವರಿಗೆ. ದೇಶದ ಈಶಾನ್ಯಕ್ಕೆ ಹಬ್ಬಿದ ಇಸಾನ್ ಸೀಮೆಯಲ್ಲಿ, ಉಡೊನ್ ಥಾನಿ, ಖೊನ್ ಕೆನ್ ಕಡೆಯ ಭತ್ತದ ಗದ್ದೆಗಳ ನಡುವೆ, ಇಂಥವರು ಬೇಕಾದಷ್ಟು ಸಿಗುತ್ತಾರೆ. ಲೆಕ್ಕಕ್ಕೆ ಒಬ್ಬನನ್ನು ಕಲ್ಪಿಸಿಕೊಳ್ಳೋಣ. ಇಂಗ್ಲೆಂಡಿನ ಲೀಡ್ಸ್‌ನಲ್ಲಿ ಬಸ್ಸು ಓಡಿಸಿ ನಿವೃತ್ತನಾದವನು, ವಯಸ್ಸು ಎಪ್ಪತ್ತರ ಹತ್ತಿರ, ಉಡೊನ್ ಥಾನಿಯ ಹಳ್ಳಿಯೊಂದರ ಹೆಣ್ಣುಮಗಳ ಕೈಹಿಡಿದು ಹದಿನೇಳು ವರ್ಷ. ಹೆಸರು ಬೇಡ, ಇಲಾಖೆಗೂ ಹೆಸರಿಗಿಂತ ಪಾಸ್‌ಪೋರ್ಟ್ ಸಂಖ್ಯೆಯೇ ಆಪ್ತ. ಅತ್ತೆಗೆ ಅವನು ಅಳಿಯ, ನಾದಿನಿಯ ಮೊಮ್ಮಕ್ಕಳಿಗೆ ಅಜ್ಜ, ಊರಿನ ನಾಯಿಗಳಿಗೂ ಪರಿಚಿತ. ಇಲಾಖೆಗೆ ಮಾತ್ರ ಒಂದು ವರ್ಷದ ಮಟ್ಟಿಗೆ ತಾತ್ಕಾಲಿಕವಾಗಿ ತಂಗಿರುವ ಪರದೇಶಿ. ಮೊದಲು 90 ದಿನದ ವೀಸಾ, ಆಮೇಲೆ ವರ್ಷ ವರ್ಷದ ವಿಸ್ತರಣೆ; ಹದಿನೇಳು ವರ್ಷದಿಂದಲೂ ಅವನು ತಾತ್ಕಾಲಿಕವೇ. ಇದರಲ್ಲಿ ಎಂಥ ತತ್ತ್ವವಿದೆ ನೋಡಿ! ಈ ಲೋಕದಲ್ಲಿ ಯಾರು ತಾನೆ ಕಾಯಂ? ನಮ್ಮ ದಾಸರು ತಂಬೂರಿ ಹಿಡಿದು ಬೀದಿ ಬೀದಿ ಸುತ್ತಿ ಹೇಳಿದ್ದನ್ನು ಥಾಯ್ ಸರಕಾರ 1979ರ ವಲಸೆ ಕಾಯಿದೆಯಲ್ಲಿ ಅಡಕ ಮಾಡಿ, ಪಾಸ್‌ಪೋರ್ಟಿನ ಹಾಳೆಯ ಮೇಲೆ ಒತ್ತಿ ಕೊಡುತ್ತದೆ.

ಕಾಯಮ್ಮಾಗಿ ಇರಲೇಬೇಕೆಂಬ ಹಟದವರಿಗೂ ದಾರಿ ಇಲ್ಲವೆಂದಲ್ಲ. ಕಾಯಂ ವಾಸದ ಅನುಮತಿಯನ್ನು ದೇಶವೊಂದಕ್ಕೆ ವರ್ಷಕ್ಕೆ 100 ಮಂದಿಗೆ ಮೀರದಂತೆ ಕೊಡುತ್ತಾರೆ. ನೂರ ನಲವತ್ತು ಕೋಟಿಯ ಭಾರತಕ್ಕೂ ನೂರು, ನಾಲ್ಕು ಲಕ್ಷದ ಆಸುಪಾಸಿನ ಐಸ್‌ಲೆಂಡಿಗೂ ನೂರು. ಸಮಾನತೆಯನ್ನು ಇಷ್ಟು ಅಕ್ಷರಶಃ ಪಾಲಿಸುವವರು ಅಪರೂಪ.

ಇನ್ನು ಹಣದ ಮಾತು. ಇಲಾಖೆಯ ಸೂಕ್ಷ್ಮ ಬುದ್ಧಿ ತಿಳಿಯುವುದೇ ಇಲ್ಲಿ. ವಿದೇಶಿ ನಿವೃತ್ತನಿಗೆ ಎರಡು ದಾರಿ. ಐವತ್ತು ತುಂಬಿದೆ, ಸುಮ್ಮನೆ ನಿವೃತ್ತನಾಗಿ ಇರುತ್ತೇನೆ ಅಂದರೆ ಥಾಯ್ ಬ್ಯಾಂಕಿನಲ್ಲಿ 8,00,000 ಬಾತ್ ಇಡಬೇಕು, ಇಲ್ಲವೆ ತಿಂಗಳಿಗೆ 65,000 ಬಾತ್ ಆದಾಯ ತೋರಿಸಬೇಕು. (ಐವತ್ತಕ್ಕೇ ಒಬ್ಬನನ್ನು ನಿವೃತ್ತನೆಂದು ಒಪ್ಪುವ ಔದಾರ್ಯವೂ ಸಣ್ಣದಲ್ಲ. ಕರ್ನಾಟಕದಲ್ಲಿ ಐವತ್ತು ತುಂಬಿದವನನ್ನು ಯುವ ನಾಯಕನೆಂದು ಕರೆದು ವೃತ್ತದಲ್ಲಿ ಫ್ಲೆಕ್ಸ್ ಕಟ್ಟುತ್ತೇವೆ.) ಹಾಗಲ್ಲ, ಥಾಯ್ ಹೆಂಡತಿಯ ಗಂಡನಾಗಿ ಇರುತ್ತೇನೆ ಅಂದರೆ 4,00,000 ಬಾತ್ ಸಾಕು, ನಮ್ಮ ದುಡ್ಡಿನಲ್ಲಿ ಹತ್ತು ಲಕ್ಷಕ್ಕೂ ಮೇಲೆ, ಆದಾಯವಾದರೆ ತಿಂಗಳಿಗೆ 40,000.

ಹೆಂಡತಿಯ ಬೆಲೆ ಕಟ್ಟಲಾಗದು ಎಂದು ಲೋಕದ ಕವಿಗಳೆಲ್ಲ ಹಾಡಿ ಜಾರಿಕೊಂಡಿದ್ದಾರೆ. ಕಷ್ಟದ ಲೆಕ್ಕ ಎದುರಾದಾಗ ಕವಿಗಳು ಮಾಡುವುದೇ ಹೀಗೆ. ಥಾಯ್ ಇಲಾಖೆ ಜಾರಿಕೊಳ್ಳಲಿಲ್ಲ. ಎಂಟು ಲಕ್ಷದಲ್ಲಿ ನಾಲ್ಕು ಲಕ್ಷ ಕಳೆದು, ಹೆಂಡತಿಯಿರುವ ಗಂಡಸಿಗೂ ಇಲ್ಲದ ಗಂಡಸಿಗೂ ಇರುವ ವ್ಯತ್ಯಾಸ ಇಂತಿಷ್ಟು ಎಂದು ನಿಗದಿ ಮಾಡಿತು. ಇಸಾನಿನ ಹೆಂಗಸು ಬೆಳಿಗ್ಗೆ ಎದ್ದು ಅಂಟುಅಕ್ಕಿ ಬೇಯಿಸಿ, ಗಂಡನ ಬಿ.ಪಿ. ಮಾತ್ರೆ ಎಣಿಸಿಟ್ಟು, ಅವನ ಪರವಾಗಿ ಅಂಗಡಿಯವನ ಹತ್ತಿರ ಜಗಳವಾಡಿ, ಸರಕಾರಿ ಕಾಗದವನ್ನು ಓದಿ ಹೇಳಿ ಮಾಡುವ ಎಲ್ಲ ಉಪಕಾರವೂ ಆ ಕಳೆಯುವ ಲೆಕ್ಕದಲ್ಲಿ ಬಂದುಬಿಟ್ಟಿದೆ.

ಆ ಹಣ ಅರ್ಜಿಗೆ ಮುಂಚೆ ಎರಡು ತಿಂಗಳು ಬ್ಯಾಂಕಿನಲ್ಲಿ ಕೂತಿರಬೇಕು. ಗಂಡ ಅಲುಗಾಡಬಹುದು, ಹಣ ಅಲುಗಾಡಬಾರದು. ಉಳಿತಾಯ ಖಾತೆಯ ಬಡ್ಡಿ ಶೇಕಡಾ ಒಂದನ್ನೂ ಮುಟ್ಟುವುದಿಲ್ಲ. ಪ್ರೀತಿಯಲ್ಲಿ ಲಾಭ ನೋಡಬಾರದು ಎಂಬ ಪಾಠವನ್ನು ಬ್ಯಾಂಕಿನವರು ಹೀಗೆ ಹೇಳಿಕೊಡುತ್ತಾರೆ. ಅರ್ಜಿಯ ದಿನ ಬ್ಯಾಂಕಿನಿಂದ ಒಂದು ಪತ್ರ ತರಬೇಕು, ಪಾಸ್‌ಬುಕ್ಕಿನಲ್ಲಿ ಆ ದಿನದ್ದೇ ನಮೂದು ಇರಬೇಕು. ಅದಕ್ಕಾಗಿ ಅಳಿಯಂದಿರು ಬೆಳಿಗ್ಗೆ ಬ್ಯಾಂಕಿನ ಬಾಗಿಲು ತೆರೆಯುವ ಹೊತ್ತಿಗೆ ನಿಂತು ನೂರು ಬಾತ್ ಜಮೆ ಮಾಡುತ್ತಾರೆ. ನಾಲ್ಕು ಲಕ್ಷ ನಿಜವಾಗಿಯೂ ಇದೆಯೆಂದು ಆ ನೂರು ಸಾಕ್ಷಿ ಹೇಳುತ್ತದೆ.

ಖಾತೆ ಸಾಮಾನ್ಯವಾಗಿ ಗಂಡನೊಬ್ಬನ ಹೆಸರಿನಲ್ಲೇ ಇರಬೇಕು. ಗಂಡಹೆಂಡತಿ ಒಂದೇ ಎಂದು ಸಾಬೀತುಪಡಿಸಲು ಬಂದವರು ಹಣವನ್ನು ಬೇರೆ ಬೇರೆ ಇಟ್ಟುಕೊಂಡು ಬರಬೇಕು. ಇದರಲ್ಲಿ ವಿರೋಧಾಭಾಸ ಕಂಡವರು ಒಮ್ಮೆ ಭೂದಾಖಲೆ ಕಚೇರಿಗೂ ಹೋಗಿ ಬರುವುದು ಒಳ್ಳೆಯದು. ಥಾಯ್ಲೆಂಡಿನಲ್ಲಿ ವಿದೇಶಿಯರು ಭೂಮಿ ಕೊಳ್ಳುವಂತಿಲ್ಲ, ಹೆಂಡತಿ ಕೊಳ್ಳಬಹುದು. ಕೊಳ್ಳುವಾಗ ಪರಂಗಿ ಗಂಡ ಪಕ್ಕದಲ್ಲಿ ನಿಂತು, ಈ ಹಣ ಪೂರಾ ಅವಳ ಸ್ವಂತದ್ದು, ಇದರಲ್ಲಿ ನನ್ನದು ಚಿಕ್ಕಾಸೂ ಇಲ್ಲ ಎಂದು ಬರೆದು ಸಹಿ ಹಾಕಬೇಕು. ಒಂದು ಕಚೇರಿಯಲ್ಲಿ ಹಣ ಅವನದಷ್ಟೇ, ಇನ್ನೊಂದು ಕಚೇರಿಯಲ್ಲಿ ಅವಳದಷ್ಟೇ. ನಡುವಿನ ರಸ್ತೆಯಲ್ಲಿ ಇಬ್ಬರೂ ಒಂದೇ ಸ್ಕೂಟರಿನಲ್ಲಿ ಹೋಗುತ್ತಾರೆ, ಅದಕ್ಕೆ ಯಾರ ಆಕ್ಷೇಪಣೆಯೂ ಇಲ್ಲ.

ಮದುವೆಯ ದಿನವೇ ಅಳಿಯ ಒಂದು ಸುತ್ತು ಎಣಿಸಿ ಕೊಟ್ಟಿರುತ್ತಾನೆ. ಅಲ್ಲಿ ಸಿನ್ ಸೋತ್ ಎಂಬ ಪದ್ಧತಿ. ಗಂಡಿನ ಕಡೆಯವರು ಹೆಣ್ಣಿನ ತಂದೆತಾಯಿಗೆ ನೋಟು, ಬಂಗಾರ ತಟ್ಟೆಯಲ್ಲಿಟ್ಟು, ಬಂದ ನೆಂಟರ ಮುಂದೆ ಕೊಡುವುದು. ವರದಕ್ಷಿಣೆಯನ್ನು 1961ರಲ್ಲಿ ಕಾಯಿದೆಯಿಂದ ನಿಷೇಧಿಸಿ, ಅಂದಿನಿಂದ ಬಾಗಿಲು ಹಾಕಿಕೊಂಡು ಎಣಿಸುತ್ತಿರುವ ನಮಗೆ ಈ ಬಹಿರಂಗ ಅಸಹ್ಯವಾಗಿ ಕಂಡೀತು. ಆದರೆ ಇಲಾಖೆ ಆ ತಟ್ಟೆಯ ಹಣವನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ. ಅತ್ತೆಗೆ ಕೊಟ್ಟದ್ದು ಅತ್ತೆಗೆ. ಸರಕಾರಕ್ಕೆ ತೋರಿಸಬೇಕಾದ್ದು ಬೇರೆ.

ನಮ್ಮ ಲೀಡ್ಸಿನ ಅಳಿಯನಿಗೆ ಪಿಂಚಣಿ ಬರುತ್ತದಲ್ಲ, ಆದಾಯದ ದಾರಿ ಹಿಡಿಯಬಹುದಿತ್ತಲ್ಲ ಎಂದು ಕೇಳುವವರಿದ್ದಾರೆ. ಬ್ರಿಟಿಷ್ ಸರಕಾರಿ ಪಿಂಚಣಿಗೆ ಒಂದು ಶಿಸ್ತಿದೆ. ಪಿಂಚಣಿದಾರ ಥಾಯ್ಲೆಂಡಿನಂಥ ದೇಶಕ್ಕೆ ಹೋಗಿ ನೆಲೆಸಿದರೆ ಅವನ ಪಿಂಚಣಿ ಇದ್ದಲ್ಲೇ ಹೆಪ್ಪುಗಟ್ಟುತ್ತದೆ. ಊರಲ್ಲಿ ಉಳಿದವರಿಗೆ ವರ್ಷ ವರ್ಷ ಸಿಗುವ ಏರಿಕೆ ಇವನಿಗಿಲ್ಲ. ಆದಾಯ ದೃಢೀಕರಿಸುವ ಪತ್ರವನ್ನು ಮೊದಲು ರಾಯಭಾರ ಕಚೇರಿಗಳೇ ಕೊಡುತ್ತಿದ್ದವು. 2019 ಶುರುವಾಗುವ ಹೊತ್ತಿಗೆ ಬ್ರಿಟನ್, ಅಮೆರಿಕ, ಆಸ್ಟ್ರೇಲಿಯಾ ಮೂರೂ ಅದನ್ನು ನಿಲ್ಲಿಸಿದವು. ನಮ್ಮ ಪ್ರಜೆಯ ಆದಾಯ ನಿಜವೆಂದು ನಾವು ಖಾತರಿ ಕೊಡಲಾರೆವು ಅಂದವು. ಸ್ವಂತ ದೇಶವೇ ನಂಬದವನನ್ನು ನಾಲ್ಕು ಲಕ್ಷ ತೋರಿಸಿದರೆ ನಂಬುತ್ತೇನೆ ಅನ್ನುವ ಪರದೇಶ ಸಿಗುವುದು ಪುಣ್ಯ ಮಾಡಿದವರಿಗೆ.

ಹಣ ಸರಿಯಾಯಿತು. ಈಗ ಕಾಗದ.

ಮದುವೆಯ ಸರ್ಟಿಫಿಕೇಟು ಒಂದಿದೆ, ಅದರ ಹೆಸರು ಕೋ ರೋ 3. ಅಂಚಿನಲ್ಲಿ ಹೂಬಳ್ಳಿಯ ಚಿತ್ತಾರವಿರುವ, ಚೌಕಟ್ಟು ಹಾಕಿ ಗೋಡೆಗೆ ತೂಗಬಹುದಾದ ಕಾಗದ. ಅಷ್ಟರಿಂದ ಆಗುವುದಿಲ್ಲ. ಕೋ ರೋ 2 ಎಂಬ ನೋಂದಣಿ ಪುಸ್ತಕದ ಪ್ರತಿ ಬೇಕು, ಅದೂ ಆಂಫೋ ಎಂಬ ತಾಲ್ಲೂಕು ಕಚೇರಿಯಿಂದ ಇತ್ತೀಚೆಗೆ ತಂದದ್ದಾಗಿರಬೇಕು. ಮದುವೆಯಾಗಿತ್ತು ಎಂಬುದನ್ನು ಮೊದಲನೆಯದು ಹೇಳುತ್ತದೆ. ಕಳೆದ ತಿಂಗಳವರೆಗೂ ಮುರಿದುಬಿದ್ದಿಲ್ಲ ಎಂಬುದನ್ನು ಎರಡನೆಯದು. ಈ ಎರಡರ ಅಂತರವನ್ನು ಅರಿಯಲು ಬಹಳ ಜನಕ್ಕೆ ಇಡೀ ಆಯುಷ್ಯ ಬೇಕಾಗುತ್ತದೆ. ಇಸವಿಗಳೆಲ್ಲ ಬುದ್ಧಶಕೆಯಲ್ಲಿ, ನಮ್ಮ ಲೆಕ್ಕಕ್ಕಿಂತ 543 ಮುಂದೆ. 2008ರಲ್ಲಿ ಮದುವೆಯಾದವನ ಕಾಗದದಲ್ಲಿ 2551 ಎಂದಿರುತ್ತದೆ. ಅಧಿಕಾರಿ ಹೆಂಡತಿಯ ಹುಟ್ಟಿದ ದಿನ ಕೇಳಿದಾಗ ಅಳಿಯ ಬೆರಳು ಮಡಿಸುತ್ತ ತಡವರಿಸುವುದನ್ನು ಮರೆವೆಂದು ತಿಳಿಯಬಾರದು. ಐನೂರ ನಲವತ್ತಮೂರು ಕೂಡಿಸುತ್ತಿರುತ್ತಾನೆ.

ಮನೆಯ ವಿವರಕ್ಕೆ ತಬಿಯನ್ ಬಾನ್ ಎಂಬ ಪುಸ್ತಕ. ಥಾಯ್ ಪ್ರಜೆಗಳದು ನೀಲಿ, ಪರದೇಶಿಯದು ಹಳದಿ. ಒಂದೇ ಸೂರಿನಡಿ, ಒಂದೇ ಸೊಳ್ಳೆಪರದೆಯೊಳಗೆ ಮಲಗುವವರ ಹೆಸರುಗಳು ಎರಡು ಬಣ್ಣದ ಪುಸ್ತಕಗಳಲ್ಲಿ ಮಲಗಿರುತ್ತವೆ. ಎಲ್ಲದರ ಪ್ರತಿ, ಪ್ರತಿಯ ಪ್ರತಿ, ಪಾಸ್‌ಪೋರ್ಟಿನ ಸೀಲು ಬಿದ್ದ ಹಾಳೆಗಳ ಪ್ರತಿ, ಒಂದೊಂದರ ಕೆಳಗೂ ಸಹಿ. ಇಲಾಖೆಯ ಆಸುಪಾಸಿನಲ್ಲಿ ಜೆರಾಕ್ಸ್ ಅಂಗಡಿ ಇಟ್ಟವರು ದಾಂಪತ್ಯ ಚಿರಾಯುವಾಗಲಿ ಎಂದು ಹಾರೈಸುವುದರಲ್ಲಿ ಕಪಟವಿಲ್ಲ.

ಆದರೂ ಇಷ್ಟು ಕಾಗದದ ನಡುವೆ ಇಲಾಖೆಯ ಹೃದಯ ಇರುವುದು ಫೋಟೊಗಳಲ್ಲಿ. ಗಂಡಹೆಂಡತಿ ಜೊತೆಯಾಗಿರುವ ಚಿತ್ರಗಳನ್ನು ಅರ್ಜಿಗೆ ಲಗತ್ತಿಸಬೇಕು. ಮನೆಯ ಮುಂದೆ, ಬಾಗಿಲಿನ ನಂಬರು ಕಾಣುವಂತೆ ಒಂದು. ಪಡಸಾಲೆಯಲ್ಲಿ ಒಂದು. ಅಡುಗೆಮನೆಯಲ್ಲಿದ್ದರೆ ಇನ್ನೂ ಚೆನ್ನ. ಮಲಗುವ ಕೋಣೆಯಲ್ಲಿ, ಮಂಚದ ಮೇಲೆ ಕೂತಿರುವಂತೆಯೂ ಕೆಲವು ಕಚೇರಿಗಳು ಕೇಳುತ್ತವೆ. ಕೂತಿರುವಂತೆ ಮಾತ್ರ, ಸರಕಾರಕ್ಕೂ ಮರ್ಯಾದೆ ಇದೆ. ಹದಿನೇಳು ವರ್ಷದ ದಾಂಪತ್ಯದಲ್ಲಿ ಗಂಡಹೆಂಡತಿ ಮಂಚದ ತುದಿಯಲ್ಲಿ ಅಕ್ಕಪಕ್ಕ ಕೂತು ಒಂದೇ ದಿಕ್ಕಿಗೆ ನೋಡುವ ಪ್ರಸಂಗ ಬೇರೆಲ್ಲಿ ಬರುತ್ತದೆ? ನಮ್ಮ ಮನೆಗಳನ್ನೇ ನೋಡಿ. ಬೆಳ್ಳಿಹಬ್ಬ ದಾಟಿದ ದಂಪತಿಗಳ ಜಂಟಿ ಚಿತ್ರ ಬೇಕೆಂದು ಹುಡುಕಿದರೆ ಯಾರದೋ ಆರತಕ್ಷತೆಯ ವೇದಿಕೆಯಲ್ಲಿ, ಮದುಮಕ್ಕಳ ಎಡಬಲಕ್ಕೆ ಒಬ್ಬೊಬ್ಬರು ಹಂಚಿಹೋಗಿ ನಿಂತದ್ದು ಸಿಕ್ಕೀತು. ಥಾಯ್ ಇಲಾಖೆ ಅವರನ್ನು ವರ್ಷಕ್ಕೊಮ್ಮೆ ಬಲವಂತದಿಂದ ಒಟ್ಟಿಗೆ ಕೂರಿಸುತ್ತದೆ. ನಗಬೇಕೆಂಬ ನಿಯಮ ಎಲ್ಲೂ ಇಲ್ಲ. ಆದರೂ ನಗುತ್ತಾರೆ, ಯಾಕೆಂದರೆ ಫೋಟೊ ತೆಗೆಯಲು ಬಂದ ಪಕ್ಕದ ಮನೆಯ ಹುಡುಗಿ, ಕಳೆದ ವರ್ಷದ ಹಾಗೆ ದೂರ ದೂರ ಕೂರಬೇಡಿ ಅಂಕಲ್, ಇನ್ನೂ ಹತ್ತಿರ, ಎಂದು ಗದರುತ್ತಿರುತ್ತಾಳೆ.

ಈ ಚಿತ್ರಗಳು ದೊಡ್ಡ ಹಾಳೆಯಲ್ಲಿ ಬಣ್ಣದಲ್ಲಿ ಮುದ್ರಣವಾಗಿ, ಸಹಿ ಬಿದ್ದು, ಕಡತ ಸೇರುತ್ತವೆ. ವರ್ಷಕ್ಕೊಂದು ಸೆಟ್ಟು. ಹದಿನೇಳು ವರ್ಷದಲ್ಲಿ ಗಂಡನ ಕೂದಲು ಉದುರಿದ್ದು, ಹೆಂಡತಿಗೆ ಕನ್ನಡಕ ಬಂದದ್ದು, ಹಿಂದಿನ ಗೋಡೆಗೆ ಬಣ್ಣ ಬದಲಾದದ್ದು, ಟಿ.ವಿ. ಚಪ್ಪಟೆಯಾದದ್ದು, ಎಲ್ಲವನ್ನೂ ಇಷ್ಟು ಶ್ರದ್ಧೆಯಿಂದ ಯಾವ ಮಗ ತಾನೆ ಜೋಡಿಸಿಟ್ಟಾನು?

ಮನೆಗೆ ದಾರಿ ತೋರಿಸುವ ನಕ್ಷೆಯನ್ನೂ ಕೊಡಬೇಕು. ದೇವಸ್ಥಾನ, ಶಾಲೆ, ಸೆವೆನ್ ಇಲೆವೆನ್ ಅಂಗಡಿ, ಅಲ್ಲಿಂದ ಎಡಕ್ಕೆ. ಯಾಕೆಂದರೆ ಅಧಿಕಾರಿಗಳು ಬಂದರೂ ಬರಬಹುದು. ಬಂದವರು ಮನೆ ನೋಡುತ್ತಾರೆ, ಅಕ್ಕಪಕ್ಕದವರನ್ನು ವಿಚಾರಿಸುತ್ತಾರೆ, ದಂಪತಿಗಳ ಜೊತೆ ನಿಂತು ತಾವೂ ಒಂದು ಫೋಟೊ ಹೊಡೆಸಿಕೊಂಡು ಹೋಗುತ್ತಾರೆ. ಸಾಕ್ಷಿಗೆ ನೆರೆಯವರೊಬ್ಬರು ಗುರುತಿನ ಚೀಟಿಯ ಪ್ರತಿಯೊಂದಿಗೆ ಕಚೇರಿಗೆ ಬರಬೇಕೆಂದು ಹೇಳುವುದೂ ಉಂಟು. ಇವರಿಬ್ಬರೂ ಒಟ್ಟಿಗಿದ್ದಾರೆಯೆ ಎಂದು ಅಧಿಕೃತವಾಗಿ ಕೇಳುತ್ತಾರೆ. ನೆರೆಯವರಿಗೆ ಈ ಪ್ರಶ್ನೆಯನ್ನು ಯಾವ ದೇಶದಲ್ಲೂ ಕೇಳಬೇಕಿಲ್ಲ, ತಾವಾಗಿಯೇ ಹೇಳುತ್ತಾರೆ. ಆದರೆ ಅದಕ್ಕೊಂದು ನಮೂನೆ, ಸಹಿ, ದಿನಾಂಕ ಒದಗಿಸಿ ಗೌರವ ತಂದದ್ದು ಇಲಾಖೆ. ಹೀಗಾಗಿ ಥಾಯ್ ಹೆಂಡತಿಯರ ಪರಂಗಿ ಗಂಡಂದಿರು ಅಕ್ಕಪಕ್ಕದವರ ಜೊತೆ ಜಗಳ ಕಾಯುವುದು ಕಡಿಮೆ.

ಟಿ.ಎಂ. 7 ಎಂಬ ಅರ್ಜಿ ನಮೂನೆಯ ಜೊತೆ ಇಷ್ಟೆಲ್ಲ ಒಪ್ಪಿಸಿ 1,900 ಬಾತ್ ಶುಲ್ಕ ಕಟ್ಟಿದ ಮೇಲೆ ಒಂದು ವರ್ಷದ ಸೀಲು ಅಲ್ಲೇ ಬೀಳುತ್ತದೆಂದು ಆಸೆಪಡುವುದು ಅವಸರದ ಬುದ್ಧಿ. ಬೀಳುವುದು 'ಪರಿಶೀಲನೆಯಲ್ಲಿದೆ' ಎಂಬ ಸೀಲು, ಸುಮಾರು 30 ದಿನದ್ದು. ಕಡತ ಮೇಲಿನ ಕಚೇರಿಗೆ ಪ್ರಯಾಣ ಮಾಡುತ್ತದೆ. ದಾಂಪತ್ಯ ಒಂದು ತಿಂಗಳು ತೂಗುಯ್ಯಾಲೆಯಲ್ಲಿ ಇರುತ್ತದೆ. ಆ ತಿಂಗಳು ಮನೆಯಲ್ಲಿ ಯಾರೂ ದನಿ ಎತ್ತಿ ಮಾತಾಡುವುದಿಲ್ಲವೆಂದು ಭಾವಿಸಲು ಅಡ್ಡಿಯಿಲ್ಲ.

ಬರಿಯ ನಿವೃತ್ತನೆಂದು ಅರ್ಜಿ ಹಾಕಿದವನಿಗಾದರೋ ಕೆಲಸ ಸಾಮಾನ್ಯವಾಗಿ ಅದೇ ದಿನ ಮುಗಿಯುತ್ತದೆ. ಎಂಟು ಲಕ್ಷಕ್ಕೆ ಸಾಕ್ಷಿ ಬೇಡ, ನಕ್ಷೆ ಬೇಡ, ಮಂಚದ ಫೋಟೊ ಬೇಡ. ಹಣ ತಾನು ನಿಜವೆಂದು ತಾನೇ ಹೇಳಬಲ್ಲದು, ಹೆಂಡತಿಗೆ ಆ ಸಾಮರ್ಥ್ಯವಿಲ್ಲ. 2019ರಿಂದ ಅವರಿಗೂ ಸ್ವಲ್ಪ ವ್ರತ ವಿಧಿಸಿದ್ದಾರೆ: ಅನುಮತಿ ಸಿಕ್ಕ ಮೇಲೂ ಮೂರು ತಿಂಗಳು ಎಂಟು ಲಕ್ಷ ಹಾಗೇ ಇರಬೇಕು, ಆಮೇಲೂ ನಾಲ್ಕು ಲಕ್ಷಕ್ಕಿಂತ ಕೆಳಗೆ ಇಳಿಯಬಾರದು. ಅಷ್ಟಾದರೂ ಹೆಂಡತಿಮಕ್ಕಳೊಂದಿಗೆ ಸುಖವಾಗಿರುವ ಎಷ್ಟೋ ಗಂಡಂದಿರು ಕೈಯಲ್ಲಿ ಕಾಸಿದ್ದರೆ ಇದೇ ದಾರಿ ಹಿಡಿಯುತ್ತಾರೆ. ಹೆಂಡತಿ ಪಕ್ಕದ ಕುರ್ಚಿಯಲ್ಲಿ ಕೂತು ಬೀಸಣಿಗೆ ಬೀಸಿಕೊಳ್ಳುತ್ತಿರುವಾಗಲೇ ತಾನು ಸುಮ್ಮನೆ ಒಬ್ಬ ನಿವೃತ್ತನೆಂದು ಬರೆದುಕೊಟ್ಟು ಬರುತ್ತಾರೆ. ಇಲಾಖೆ ಇದನ್ನು ತಿಳಿದೂ ಕ್ಷಮಿಸುತ್ತದೆ. ಒಟ್ಟಿನಲ್ಲಿ ಬಡ ಗಂಡನ ಮದುವೆಯನ್ನು ಪರೀಕ್ಷಿಸುತ್ತಾರೆ, ಉಳ್ಳವನದನ್ನು ಪರೀಕ್ಷಿಸುವುದಿಲ್ಲ. ಪರೀಕ್ಷೆ ಬೇಕಾಗಿರುವುದು ಯಾರಿಗೆಂದು ಅವರಿಗೆ ಗೊತ್ತಿಲ್ಲವೆ?

ಕೌಂಟರಿನವರೆಗೂ ಹೋಗದೆಯೇ ಸೀಲು ತರಿಸಿಕೊಡುವ ಏಜೆಂಟರ ಸುದ್ದಿಯೂ ಕೇಳಿಬರುತ್ತದೆ. ಸ್ತುತಿಪಾಠದ ನಡುವೆ ಅದನ್ನೆಲ್ಲ ಎತ್ತುವುದು ಉಚಿತವಲ್ಲ.

ಹೆಣ್ಣುಮಕ್ಕಳ ಬಗ್ಗೆ ಇಲಾಖೆ ತೋರಿದ ಕಾಳಜಿಯನ್ನು ಮಾತ್ರ ಮರೆಯುವಂತಿಲ್ಲ. ಥಾಯ್ ಗಂಡಸನ್ನು ಮದುವೆಯಾದ ವಿದೇಶಿ ಹೆಂಗಸಿಗೆ ಈ ನಾಲ್ಕು ಲಕ್ಷದ ನಿಬಂಧನೆ ಬಹುಕಾಲ ಇರಲೇ ಇಲ್ಲ. ಗಂಡಸು ಥಾಯ್ ಆದರೆ ಸಾಕುತ್ತಾನೆ ಎಂಬ ಭರವಸೆ. ಹೆಂಗಸು ಥಾಯ್ ಆದರೆ ಸಾಕಲಾರಳು ಎಂಬ ಕನಿಕರ. ಅವಳು ಗದ್ದೆ ನಾಟಿ ಮಾಡಿ, ಸಂತೆಯಲ್ಲಿ ಮಾರಿ, ತವರಿನವರನ್ನೂ ಈ ಅಳಿಯನನ್ನೂ ಒಟ್ಟಿಗೆ ಸಂಭಾಳಿಸುತ್ತಿದ್ದರೂ ಸರಿಯೇ. ಇನ್ನು 2025ರ ಜನವರಿ 23ರಿಂದ ಥಾಯ್ಲೆಂಡಿನಲ್ಲಿ ವಿವಾಹ ಸಮಾನತೆಯ ಕಾನೂನು ಜಾರಿಗೆ ಬಂದಿದೆ. ಗಂಡಸು ಗಂಡಸನ್ನೂ ಹೆಂಗಸು ಹೆಂಗಸನ್ನೂ ಮದುವೆಯಾಗಬಹುದು. ಪ್ರೀತಿಗೆ ಸಮಾನತೆ ಬಂತು. ಕ್ಯೂನಲ್ಲಿ ಟೋಕನ್ ಹಿಡಿದು ಕೂರುವ ಹಕ್ಕೂ ಅದರ ಹಿಂದೆಯೇ ಬಂತು.

ನವೀಕರಣ ವರ್ಷಕ್ಕೊಮ್ಮೆಯಾದರೂ ಸಂಪರ್ಕ ವರ್ಷಪೂರ್ತಿ. ಪ್ರತಿ 90 ದಿನಕ್ಕೊಮ್ಮೆ ಅಳಿಯ ತಾನು ಇಂಥಲ್ಲಿ ಇದ್ದೇನೆಂದು ವರದಿ ಕೊಡಬೇಕು. ನಮೂನೆಯ ಹೆಸರು ಟಿ.ಎಂ. 47. ನಮ್ಮ ಪಿಂಚಣಿದಾರರು ನವೆಂಬರ್ ತಿಂಗಳಲ್ಲಿ ಬ್ಯಾಂಕಿಗೆ ಹೋಗಿ ತಾವು ಬದುಕಿದ್ದೇವೆಂದು ಪ್ರಮಾಣಪತ್ರ ಕೊಟ್ಟು ಬಂದರೆ ವರ್ಷವಿಡೀ ನಿಶ್ಚಿಂತೆಯಾಗಿ ಬದುಕಿರಬಹುದು, ಯಾರೂ ಕೇಳುವುದಿಲ್ಲ. ಅಲ್ಲಿ ಅಂಥ ನಿರ್ಲಕ್ಷ್ಯವಿಲ್ಲ. ಇದಕ್ಕಿಂತ ಸೊಗಸಾದದ್ದು ಟಿ.ಎಂ. 30. ಮನೆಯಲ್ಲಿ ಪರದೇಶಿಯೊಬ್ಬ ಬಂದು ತಂಗಿದರೆ 24 ಗಂಟೆಯೊಳಗೆ ಮನೆಯ ಯಜಮಾನರು ಇಲಾಖೆಗೆ ತಿಳಿಸಬೇಕು. ಮನೆ ಹೆಂಡತಿಯ ಹೆಸರಿನಲ್ಲಿದೆ. ಹಾಗಾಗಿ, ನನ್ನ ಮನೆಯಲ್ಲಿ ಒಬ್ಬ ವಿದೇಶಿ ಗಂಡಸು ರಾತ್ರಿ ತಂಗಿದ್ದಾನೆ ಎಂದು ಹೆಂಡತಿಯೇ ಪೊಲೀಸ್ ಅಂಗವಾದ ಇಲಾಖೆಗೆ ದೂರು ರೂಪದ ಮಾಹಿತಿ ಕೊಡಬೇಕು. ತಪ್ಪಿದರೆ ದಂಡ. ಒಂದು ಕಾಲಕ್ಕೆ ಅಳಿಯ ಪಕ್ಕದ ದೇಶಕ್ಕೆ ಹೋಗಿ ಮರಳಿದಾಗಲೆಲ್ಲ ಈ ವಿಧಿ ಹೊಸದಾಗಿ ನಡೆಯುತ್ತಿತ್ತು. 2020ರಲ್ಲಿ ಅದೇ ಮನೆಗೆ ಮರಳುವವರಿಗೆ ವಿನಾಯಿತಿ ಕೊಟ್ಟು, ಗಂಡ ಮನೆಗೆ ಬಂದದ್ದನ್ನು ಹೆಂಡತಿ ಗಮನಿಸುವ ಒಂದು ಒಳ್ಳೆಯ ಅಭ್ಯಾಸವನ್ನು ಸಡಿಲಿಸಿದರು.

ದೇಶ ಬಿಡುವ ಮುಂಚೆ ಮರುಪ್ರವೇಶದ ಪರವಾನಗಿ ಪಡೆಯಬೇಕು. ಒಂದು ಸಲಕ್ಕೆ 1,000 ಬಾತ್, ಎಷ್ಟು ಸಲವಾದರೂ ಸರಿ ಅಂದರೆ 3,800. ಪಡೆಯದೆ ಗಡಿ ದಾಟಿದರೆ ಇಡೀ ವರ್ಷದ ಅನುಮತಿ ಅಲ್ಲಿಗೇ ಬಿದ್ದುಹೋಗುತ್ತದೆ. ಅವಧಿ ಮೀರಿ ಉಳಿದರೆ ದಿನಕ್ಕೆ 500, ಗರಿಷ್ಠ 20,000. ತಮ್ಮನ ಮದುವೆಗೆಂದೋ ತಾಯಿಯ ಮಣ್ಣಿಗೆಂದೋ ಅವಸರದಲ್ಲಿ ವಿಮಾನ ಹತ್ತುವವನಿಗೂ ಹೆಂಡತಿಯ ಮನೆಗೆ ಮರಳುವ ಚಿಂತೆ ಮೊದಲು ಬರಲಿ ಎಂಬುದು ಆಶಯ.

ಅಳಿಯಂದಿರು ಗೊಣಗುತ್ತಾರೆ. ಬಿಯರಿನ ಎರಡನೆಯ ಬಾಟಲಿಗೆ ಗೊಣಗಾಟ ಶುರುವಾಗಿ ಅನ್ಯಾಯ, ಅಪಮಾನ ಎಂಬ ಮಾತುಗಳು ಮೂರನೆಯದಕ್ಕೆ ಬರುತ್ತವೆ. ಪಾಪ, ತಮ್ಮ ದೇಶದ ಮಹಿಮೆ ಅವರಿಗೆ ತಿಳಿಯದು. ಈ ಲೀಡ್ಸಿನವನು ಹೆಂಡತಿಯನ್ನು ಲೀಡ್ಸಿಗೆ ಕರೆದೊಯ್ದು ಅಲ್ಲಿ ಬಾಳಬೇಕೆಂದರೆ ಬ್ರಿಟಿಷ್ ಸರಕಾರಕ್ಕೆ ವರ್ಷಕ್ಕೆ 29,000 ಪೌಂಡ್ ಆದಾಯ ತೋರಿಸಬೇಕು. 2012ರಲ್ಲಿ 18,600 ಇತ್ತು. 2024ರ ಏಪ್ರಿಲಿನಲ್ಲಿ ಏರಿಸಿದರು. ಬಾತ್ ಲೆಕ್ಕದಲ್ಲಿ ಹನ್ನೆರಡು ಲಕ್ಷಕ್ಕೂ ಮೇಲೆ. ಅದರ ಜೊತೆಗೆ ಅವಳಿಗೆ ಕ್ಷಯದ ಪರೀಕ್ಷೆ, ಇಂಗ್ಲಿಷ್ ಪರೀಕ್ಷೆ, ಅಲ್ಲಿನ ಆಸ್ಪತ್ರೆಗಳ ಬಾಬ್ತು ವರ್ಷಕ್ಕೆ 1,035 ಪೌಂಡಿನಂತೆ ಮುಂಗಡ. ಉಡೊನ್ ಥಾನಿಯ ಹೆಂಗಸು ಗಂಡನೊಡನೆ ಇಷ್ಟು ವರ್ಷ ಯಾವ ಭಾಷೆಯಲ್ಲಿ ಜಗಳವಾಡಿದಳೋ ಅದರಲ್ಲಿ ಅವಳು ಪಾಸಾಗಿದ್ದಾಳೆಯೆ ಎಂದು ಪರದೇಶದ ಪರೀಕ್ಷಕರು ನಿರ್ಧರಿಸುತ್ತಾರೆ. ಥಾಯ್ ಇಲಾಖೆ ಅಳಿಯನಿಗೆ ಥಾಯ್ ಭಾಷೆಯಲ್ಲಿ ಒಂದು ಪ್ರಶ್ನೆಯನ್ನೂ ಕಡ್ಡಾಯ ಮಾಡಿಲ್ಲ. ಹದಿನೇಳು ವರ್ಷವಾದರೂ ಅವನಿಗೆ ಊಟ, ಬಿಸಿಲು, ಬೇಡ ಎಂಬ ಮೂರು ಮಾತಿಗಿಂತ ಹೆಚ್ಚು ಬಾರದಿದ್ದರೆ ಅದು ಅವರವರ ಮನೆಯ ವಿಚಾರ.

ನಮ್ಮ ದೇಶ ಈ ವಿದ್ಯೆಯಲ್ಲಿ ಹಿಂದೆ ಬಿದ್ದಿರುವುದನ್ನು ನಾಚಿಕೆಯಿಂದಲೇ ಒಪ್ಪಬೇಕು. ಭಾರತೀಯರನ್ನು ಮದುವೆಯಾದ ವಿದೇಶಿಗೆ ಓಸಿಐ (ಸಾಗರೋತ್ತರ ಭಾರತೀಯ ನಾಗರಿಕ) ಕಾರ್ಡು ಬೇಕಾದರೆ ಮದುವೆ ನೋಂದಣಿಯಾಗಿ ಎರಡು ವರ್ಷ ಮುರಿಯದೆ ಉಳಿದಿರಬೇಕು. ಅಲ್ಲಿಯವರೆಗೆ ಬಿಗಿಯೇ. ಕಾರ್ಡು ಕೊಟ್ಟ ಮೇಲೆ ಮಾತ್ರ ಜೀವಮಾನಕ್ಕೆ ಕೊಟ್ಟುಬಿಡುತ್ತಾರೆ. ಪಾಸ್‌ಪೋರ್ಟ್ ಬದಲಾದಾಗ, ಮದುವೆ ಇನ್ನೂ ಇದೆ ಎಂದು ಒಂದು ಘೋಷಣೆ ಹಾಕಿದರಾಯಿತು. ವಿಚ್ಛೇದನವಾದರೆ ಕಾರ್ಡು ರದ್ದು ಮಾಡುವ ಅಧಿಕಾರ ಇದೆಯೆನ್ನಿ. ಆದರೂ ಮಂಡ್ಯದ ಅಳಿಯನಾದ ಜರ್ಮನ್ನನೊಬ್ಬ ಪ್ರತಿ ವರ್ಷ ಹೆಂಡತಿಯ ಪಕ್ಕ ಮಂಚದ ಮೇಲೆ ಕೂತು ಸರಕಾರಕ್ಕೆ ಫೋಟೊ ಕಳಿಸುವ ಭಾಗ್ಯ ನಮ್ಮಲ್ಲಿಲ್ಲ.

ಇಷ್ಟು ಅಚ್ಚುಕಟ್ಟಾದ ವ್ಯವಸ್ಥೆಯಲ್ಲಿ ಮರಣಕ್ಕೂ ಜಾಗ ಮಾಡಿಟ್ಟಿದ್ದಾರೆ. ಹೆಂಡತಿ ತೀರಿಕೊಂಡಳೆನ್ನಿ. ಆಂಫೋಗೆ ಹೋಗಿ ಮರಣ ನೋಂದಣಿ, ನೀಲಿ ಪುಸ್ತಕದಲ್ಲಿ ಅವಳ ಹೆಸರಿನ ಮೇಲೆ ಸೀಲು. ಮನೆ ನಿಂತಿರುವ ನೆಲ ಅವಳದು. ವಾರಸುದಾರನಾಗಿ ಗಂಡನಿಗೆ ಬಂದರೂ ವಿದೇಶಿ ಅದನ್ನು ಇಟ್ಟುಕೊಳ್ಳುವಂತಿಲ್ಲ; ಹೆಚ್ಚೆಂದರೆ ಒಂದು ವರ್ಷದೊಳಗೆ ಪರಭಾರೆ ಮಾಡಬೇಕು. ಮದುವೆಯ ಆಧಾರದ ಅನುಮತಿಯನ್ನು ಮುಂದಿನ ಸಲ ನವೀಕರಿಸಲು ಮದುವೆಯೇ ಇಲ್ಲ. ಫೋಟೊದಲ್ಲಿ ಒಬ್ಬನೇ ಕೂತರೆ ಒಪ್ಪುವುದಿಲ್ಲ. ಹಾಗೆಂದು ಇಲಾಖೆ ಅವನನ್ನು ಕೈಬಿಡುವುದೂ ಇಲ್ಲ. ಐವತ್ತು ದಾಟಿದವನಲ್ಲವೆ, ಬರಿಯ ನಿವೃತ್ತನೆಂದು ಅರ್ಜಿ ಹಾಕಬಹುದು. ಸಾಕ್ಷಿ, ನಕ್ಷೆ, ಕೋ ರೋ 2, ತಿಂಗಳ ಪರಿಶೀಲನೆ ಯಾವುದೂ ಬೇಡ. ನಾಲ್ಕು ಲಕ್ಷದ ರಿಯಾಯಿತಿ ಹೋಗುತ್ತದೆ, ಅಷ್ಟೆ: ಬ್ಯಾಂಕಿನಲ್ಲಿ ಈಗ 8,00,000 ಇರಬೇಕು. ನಮೂನೆ ಅದೇ ಟಿ.ಎಂ. 7, ಶುಲ್ಕವೂ ಅದೇ 1,900 ಬಾತ್.